ಮೂಸ್ ಬೇಟೆ: ಕೋವಿ ದೊಡ್ಡದಿದ್ರೆ ಸಾಕಾ?

ಮಡಿಕೇರಿ: ಕೊಡಗಿನಲ್ಲಿ ಕೋವಿ ಮನೆ ಮನೆಯ ಮಾತು. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಮೋಜಿನ ಬೇಟೆಗೆ ಅವಕಾಶ ಇಲ್ಲ. ಸ್ವೀಡನ್‌ನಲ್ಲಿ ಮಾತ್ರ ಪ್ರತಿ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಕಾನೂನಿನ ಪ್ರಕಾರವೇ ಮೂಸ್ ಬೇಟೆ ಶುರು.

ಮೂಸ್ ಜಿಂಕೆ ಜಾತಿಯಲ್ಲೇ ದೊಡ್ಡದು. ಗಂಡು 400 ಕೆಜಿ ದಾಟೋದೂ ಉಂಟು. ಅದಕ್ಕೆ ಯಾವ ತೋಟಾ ಬೇಕು? ಅಲ್ಲಿನ ನಿಯಮದಂತೆ ಗುಂಡಿನ ತೂಕ 10 ಗ್ರಾಂ ಅಥವಾ ಹೆಚ್ಚಿದ್ದರೆ, 100 ಮೀಟರ್ ದೂರದಲ್ಲಿ ಕನಿಷ್ಠ 2000 ಜೌಲ್ ಶಕ್ತಿ ಇರಬೇಕು. 9ರಿಂದ 10 ಗ್ರಾಂ ಒಳಗಿದ್ದರೆ 2700 ಜೌಲ್. ಅಂದರೆ ಗುಂಡು ಹಗುರಾದರೆ ವೇಗ ಜಾಸ್ತಿ ಬೇಕು.

ಹಾಗಂತ ಭಾರೀ ಕೋವಿಯೇ ಬೇಕಂತಿಲ್ಲ. 6.5×55 ತೋಟಾದ ಕೋವಿಯಲ್ಲೇ ಅಲ್ಲಿನವರು ತಲೆಮಾರುಗಳಿಂದ ಮೂಸ್ ಹೊಡೀತಾರೆ. .308, .30-06 ಕೂಡ ಬಳಕೆಯಲ್ಲಿವೆ. ತೋಟಾ ಜೋರಾದಷ್ಟೂ ಭುಜಕ್ಕೆ ಒದೆತ ಜೋರು. ಅದಕ್ಕೆ ಹೆದರಿ ಕೈ ಅಲುಗಿದರೆ ಗುರಿ ತಪ್ಪುತ್ತೆ.

ಗುಂಡು ಒಳಗೆ ಹೊಕ್ಕು ಅರಳುವಂಥದ್ದಾಗಿರಬೇಕು, ಶ್ವಾಸಕೋಶಕ್ಕೇ ಬೀಳಬೇಕು. ಹೊಟ್ಟೆಗೆ ಬಿದ್ದರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತೆ. ಅದಕ್ಕೇ ಗಾಯಗೊಂಡ ಮೂಸ್‌ನ ಜಾಡು ಹಿಡಿಯೋ ನಾಯಿ 2 ಗಂಟೆಯೊಳಗೆ ಸ್ಥಳಕ್ಕೆ ಬರುವಂತಿರಬೇಕು ಅನ್ನೋದೂ ಅಲ್ಲಿ ಕಡ್ಡಾಯ.