ಕುವೈತ್‌ನಲ್ಲಿ ಕಡಲ ಬದಿಯ ಮನೆ: ಬಾಡಿಗೆ ಹಿಡಿಯುವ ಮುನ್ನ ನೋಡಬೇಕಾದ್ದು

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಕುವೈತ್ ಹೆಸರು ಕೇಳದ ಮನೆ ಕಡಿಮೆ. ಒಂದು ವಾಳೆಯಲ್ಲಿ ಒಬ್ಬರಾದರೂ ಅಲ್ಲಿ ದುಡಿದವರು, ಈಗ ದುಡಿಯುತ್ತಿರುವವರು ಅಥವಾ ವೀಸಾ ಕಾಯುತ್ತಿರುವವರು ಸಿಗುತ್ತಾರೆ. ಕೆಲಸ ಖಚಿತವಾದ ಮೇಲೆ ಹೊರಡುವವರೂ ಅವರ ಹೆತ್ತವರೂ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಮನೆ ಎಲ್ಲಿ ಮಾಡುವುದು?

ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ನಮಗೆ ಅಲ್ಲಿಯೂ ಕಡಲು ಕಾಣುವ ಜಾಗ ಸಿಕ್ಕರೆ ಒಳ್ಳೆಯದು ಅನಿಸುವುದು ಸಹಜ. ಅದು ತಪ್ಪೂ ಅಲ್ಲ. ಆದರೆ ಕಿಟಕಿಯಿಂದ ಕಡಲು ಕಾಣುತ್ತದೆಯೇ ಎಂದು ನೋಡುವ ಮೊದಲು, ಕೆಲಸದ ಜಾಗ ಎಷ್ಟು ದೂರ, ಕಟ್ಟಡ ಎಷ್ಟು ಸುರಕ್ಷಿತ, ಆ ವಿಳಾಸ ನಮ್ಮ ಹೆಸರಿಗೆ ದಾಖಲಾಗುತ್ತದೆಯೇ ಎಂಬ ಮೂರು ವಿಷಯ ನೋಡಬೇಕು. ಇದನ್ನು ಸ್ವಲ್ಪ ವಿವರವಾಗಿ ತಿಳಿಸುವುದು ನಮ್ಮ ಉದ್ದೇಶ.

ಕಡಲ ಬದಿಯ ಊರುಗಳು ಯಾವುವು?

ಕುವೈತ್ ನಗರದಿಂದ ಕಡಲಿನ ಅಂಚಿನಲ್ಲೇ ಸಾಗುವ ಅರೇಬಿಯನ್ ಗಲ್ಫ್ ರಸ್ತೆ ನಮ್ಮನ್ನು ಸಾಲ್ಮಿಯಾಕ್ಕೆ ತಲುಪಿಸುತ್ತದೆ. ನಗರದಿಂದ ಸುಮಾರು 12 ಕಿಲೋಮೀಟರ್ ದೂರ. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಫಿಂತಾಸ್, ಮಹಬೂಲಾ, ಅಬು ಹಲೀಫಾ, ಮಂಗಾಫ್, ಕೊನೆಗೆ ಫಹಾಹೀಲ್ ಸಾಲಾಗಿ ಬರುತ್ತವೆ. ಫಹಾಹೀಲ್ ನಗರದಿಂದ ಸುಮಾರು 35 ಕಿಲೋಮೀಟರ್ ದೂರವಿದೆ. ಇವೆಲ್ಲ ಬಾಡಿಗೆ ಕಟ್ಟಡಗಳಿರುವ, ಭಾರತೀಯರು ಹೆಚ್ಚಾಗಿ ವಾಸಿಸುವ ಜಾಗಗಳು. ಇವುಗಳ ನಡುವೆ ಬರುವ ಕೆಲವು ಬಡಾವಣೆಗಳು ಕುವೈತಿ ಕುಟುಂಬಗಳ ಸ್ವಂತ ಮನೆಗಳಿಗೆ ಮೀಸಲು. ಅಂತಹ ಕಡೆ ಕುಟುಂಬವಿಲ್ಲದ ವಿದೇಶಿ ಕೆಲಸಗಾರರು ವಾಸಿಸುವಂತಿಲ್ಲ.

ನಮ್ಮಲ್ಲಿ ಸೂರ್ಯ ಕಡಲಿನಲ್ಲಿ ಮುಳುಗಿದರೆ ಅಲ್ಲಿ ಈ ತೀರದಲ್ಲಿ ಕಡಲಿನಿಂದ ಮೂಡುತ್ತಾನೆ. ಕಡಲಿಗೆ ಮುಖ ಮಾಡಿದ ಕೋಣೆಗೆ ಬೆಳಗ್ಗಿನಿಂದಲೇ ಬಿಸಿಲು ಬೀಳುತ್ತದೆ ಎಂಬುದು ಬೇಸಿಗೆಯಲ್ಲಿ ಸಣ್ಣ ಮಾತಲ್ಲ.

ಮೊದಲು ಕೆಲಸದ ಜಾಗ

ಕುವೈತ್‌ನಲ್ಲಿ ಮೆಟ್ರೋ ಇಲ್ಲ. ಬಸ್ಸು, ಕಂಪನಿಯ ವಾಹನ, ಟ್ಯಾಕ್ಸಿ ಅಥವಾ ಸ್ವಂತ ಕಾರು, ಇಷ್ಟೇ ದಾರಿ. ವಿದೇಶೀಯರಿಗೆ ಡ್ರೈವಿಂಗ್ ಲೈಸೆನ್ಸ್ ಸಿಗಲು ಸಂಬಳ, ಹುದ್ದೆ ಮುಂತಾದ ಷರತ್ತುಗಳಿವೆ. ಬಂದ ಮೊದಲ ವರ್ಷ ಕಾರು ಓಡಿಸಬಹುದು ಎಂದು ಲೆಕ್ಕ ಹಾಕಿ ಮನೆ ಹಿಡಿಯುವುದು ಜಾಣತನವಲ್ಲ.

ನಗರದ ಕಚೇರಿಗಳಲ್ಲಿ, ಅಮೀರಿ ಆಸ್ಪತ್ರೆಯಲ್ಲಿ ಅಥವಾ ಜಾಬ್ರಿಯಾದ ಮುಬಾರಕ್ ಅಲ್ ಕಬೀರ್ ಆಸ್ಪತ್ರೆಯಲ್ಲಿ ಕೆಲಸ ಇರುವವರಿಗೆ ಸಾಲ್ಮಿಯಾ ಅನುಕೂಲ. ಮೀನಾ ಅಹ್ಮದಿ, ಶುಐಬಾ, ಮೀನಾ ಅಬ್ದುಲ್ಲಾ ಕಡೆಯ ತೈಲ ಘಟಕಗಳಲ್ಲಿ, ಅಥವಾ ದಕ್ಷಿಣ ಭಾಗದ ಅದಾನ್ ಆಸ್ಪತ್ರೆಯಲ್ಲಿ ಕೆಲಸ ಇರುವವರಿಗೆ ಮಂಗಾಫ್, ಫಹಾಹೀಲ್ ಹತ್ತಿರ. ಇದನ್ನು ತಿರುವುಮುರುವು ಮಾಡಿಕೊಂಡರೆ ದಿನಕ್ಕೆ ಎರಡು ಸಲ ಹೆದ್ದಾರಿಯ ದಟ್ಟಣೆಯಲ್ಲಿ ಕೂರಬೇಕು. ರಾತ್ರಿ ಪಾಳಿ ಮುಗಿಸಿದ ನರ್ಸ್‌ಗೆ ಈ ಪ್ರಯಾಣ ಎಷ್ಟು ಭಾರ ಎಂಬುದನ್ನು ಅನುಭವ ಇದ್ದವರೇ ಹೇಳಬೇಕು.

ಸಾಲ್ಮಿಯಾವೋ, ದಕ್ಷಿಣದ ತೀರವೋ?

ಸಾಲ್ಮಿಯಾ ಹಳೆಯ, ತುಂಬಿದ ಪೇಟೆ. ಸಾಲೆಂ ಅಲ್ ಮುಬಾರಕ್ ರಸ್ತೆಯ ಅಂಗಡಿಗಳು, ಕಡಲ ಬದಿಯ ನಡಿಗೆಯ ದಾರಿ, ಸೈಂಟಿಫಿಕ್ ಸೆಂಟರ್, ಭಾರತೀಯ ಶಾಲೆ ಎಲ್ಲವೂ ಅಲ್ಲಿವೆ. ಮಕ್ಕಳಿರುವ ಕುಟುಂಬಕ್ಕೆ ನಡೆದೇ ಹಲವು ಕೆಲಸ ಮುಗಿಸಬಹುದು. ಇದಕ್ಕೆ ತಕ್ಕಂತೆ ಬಾಡಿಗೆಯೂ ಹೆಚ್ಚು, ಕಾರು ನಿಲ್ಲಿಸುವ ಕಷ್ಟವೂ ಹೆಚ್ಚು. ಕಡಲಿಗೆ ತಾಗಿದ ಕಟ್ಟಡ ಬಿಟ್ಟು ಎರಡು ಮೂರು ರಸ್ತೆ ಒಳಗೆ ಹೋದರೆ ಬಾಡಿಗೆ ಇಳಿಯುತ್ತದೆ, ಕಡಲು ಹತ್ತು ನಿಮಿಷದ ನಡಿಗೆಯಲ್ಲೇ ಉಳಿಯುತ್ತದೆ.

ದಕ್ಷಿಣದ ತೀರದಲ್ಲಿ ಎತ್ತರದ ಹೊಸ ಕಟ್ಟಡಗಳು ಹೆಚ್ಚು. ಫಿಂತಾಸ್‌ನಲ್ಲಿ ಕುಟುಂಬಗಳು ಹೆಚ್ಚು ಕಾಣುತ್ತವೆ. ಮಹಬೂಲಾದಲ್ಲಿ ಕಂಪನಿಗಳು ಕೆಲಸಗಾರರನ್ನು ಇರಿಸಿರುವ ಕಟ್ಟಡಗಳು ಒತ್ತೊತ್ತಾಗಿವೆ. ಕೊರೊನಾ ಸಮಯದಲ್ಲಿ, 2020ರ ಏಪ್ರಿಲ್‌ನಲ್ಲಿ, ಮಹಬೂಲಾ ಮತ್ತು ಜಲೀಬ್ ಪ್ರದೇಶಗಳನ್ನು ಪೂರ್ತಿಯಾಗಿ ಮುಚ್ಚಲಾಯಿತು. ಅದು ತೆರೆದದ್ದು ಜುಲೈನಲ್ಲಿ. ಜನ ಎಷ್ಟು ಒತ್ತಾಗಿ ಬದುಕುತ್ತಿದ್ದರು ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಹೀಗೆಂದು ಮಹಬೂಲಾ ಕೆಟ್ಟ ಊರು ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಒಳ್ಳೆಯ ಕಟ್ಟಡಗಳೂ ಇವೆ. ಊರಿನ ಹೆಸರು ನೋಡಿ ನಿರ್ಧರಿಸದೆ, ಆ ರಸ್ತೆ, ಆ ಕಟ್ಟಡ, ಒಂದು ಮನೆಯಲ್ಲಿ ಎಷ್ಟು ಜನ ಎಂಬುದನ್ನು ನೋಡಬೇಕು.

ಮಂಗಾಫ್ ಕಲಿಸಿದ ಪಾಠ

2024ರ ಜೂನ್ 12ರ ಮುಂಜಾನೆ ಮಂಗಾಫ್‌ನ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಅದು ಕಂಪನಿಯೊಂದರ ಕೆಲಸಗಾರರ ವಸತಿ. ಸುಮಾರು 50 ಜನ ಸತ್ತರು. ಅವರಲ್ಲಿ 45 ಮಂದಿ ಭಾರತೀಯರು. ಭಾರತೀಯ ವಾಯುಪಡೆಯ ವಿಮಾನ ಮೃತದೇಹಗಳನ್ನು ಕೊಚ್ಚಿಗೆ ತಂದ ದೃಶ್ಯವನ್ನು ನಾವೆಲ್ಲ ಟಿವಿಯಲ್ಲಿ ಕಂಡಿದ್ದೇವೆ. ನೆಲಮಹಡಿಯಲ್ಲಿದ್ದ ಕಾವಲುಗಾರನ ಕೋಣೆಯ ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ತನಿಖೆ ಹೇಳಿತು. ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಮೆಟ್ಟಿಲಿನ ಮೂಲಕ ಮೇಲೇರಿದ ಹೊಗೆ. ಕೋಣೆಗಳನ್ನು ಭಾಗ ಮಾಡಲು ಬಳಸಿದ್ದ ಸುಲಭವಾಗಿ ಉರಿಯುವ ವಸ್ತುಗಳು ಹೊಗೆಯನ್ನು ಹೆಚ್ಚಿಸಿದವು ಎಂದು ಆಗ ವರದಿಯಾಯಿತು.

ಆ ಜಾಗವೂ ಕಡಲಿಗೆ ಹತ್ತಿರವೇ ಇತ್ತು. ಅಲ್ಲಿ ಮಲಗಿದ್ದವರಿಗೆ ಬೇಕಾಗಿದ್ದದ್ದು ಹೊರಗೆ ಹೋಗುವ ಇನ್ನೊಂದು ದಾರಿ.

ಆದುದರಿಂದ ಮನೆ ನೋಡಲು ಹೋದಾಗ ಲಿಫ್ಟ್ ಬಿಟ್ಟು ಒಮ್ಮೆ ಮೆಟ್ಟಿಲಿನಲ್ಲೇ ಇಳಿದು ಬನ್ನಿ. ಎರಡನೇ ಮೆಟ್ಟಿಲು ಇದೆಯೇ? ಅದರ ಬಾಗಿಲಿಗೆ ಬೀಗ ಹಾಕಿದ್ದಾರೆಯೇ? ಮೆಟ್ಟಿಲಿನ ಕೆಳಗೆ ಗ್ಯಾಸ್ ಸಿಲಿಂಡರ್, ಹಳೆಯ ಹಾಸಿಗೆ, ಪೆಟ್ಟಿಗೆಗಳನ್ನು ತುಂಬಿದ್ದಾರೆಯೇ? ನೆಲಮಾಳಿಗೆಯನ್ನು ಗೋದಾಮು ಮಾಡಿದ್ದಾರೆಯೇ? ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಪರೀಕ್ಷೆಯ ದಿನಾಂಕ ಇದೆಯೇ? ಒಂದೇ ಪ್ಲಗ್ಗಿಗೆ ನಾಲ್ಕು ವಯರು ಎಳೆದಿದ್ದಾರೆಯೇ? ಇದಕ್ಕೆ ಅರ್ಧ ಗಂಟೆ ಸಾಕು. ಕಂಪನಿ ಕೊಡುವ ವಸತಿಯಲ್ಲಿ ಆಯ್ಕೆ ಇರುವುದಿಲ್ಲ, ನಿಜ. ಆದರೂ ಹೊರಗೆ ಹೋಗುವ ದಾರಿಯನ್ನು ಮೊದಲ ದಿನವೇ ತಿಳಿದುಕೊಳ್ಳಬಹುದು, ತೊಂದರೆ ಕಂಡರೆ ನಾಲ್ಕು ಜನ ಸೇರಿ ಲಿಖಿತವಾಗಿ ತಿಳಿಸಬಹುದು.

ವಿಳಾಸ ಕಾಗದದಲ್ಲಿರಲಿ

ಕುವೈತ್‌ನಲ್ಲಿ ಸಿವಿಲ್ ಐಡಿ ಇಲ್ಲದೆ ಬ್ಯಾಂಕು, ಆಸ್ಪತ್ರೆ, ಮೊಬೈಲು ಯಾವುದೂ ನಡೆಯದು. ಆ ಕಾರ್ಡಿನಲ್ಲಿ ವಾಸದ ವಿಳಾಸ ಇರಬೇಕು. ಪ್ರತಿ ಕಟ್ಟಡಕ್ಕೂ ಸರಕಾರದ ಒಂದು ಸಂಖ್ಯೆಯಿದೆ. ಬಾಡಿಗೆ ಒಪ್ಪಂದ ಆ ಸಂಖ್ಯೆಗೆ ಹೊಂದಬೇಕು. 2024ರಿಂದ ಈ ವಿಷಯದಲ್ಲಿ ಬಿಗಿ ಹೆಚ್ಚಾಗಿದೆ. ಕೆಡವಿದ ಕಟ್ಟಡಗಳ ವಿಳಾಸ ಹೊಂದಿದ್ದ, ಅಥವಾ ಮಾಲೀಕರು ತಮ್ಮಲ್ಲಿ ಇಲ್ಲ ಎಂದು ತಿಳಿಸಿದ ನೂರಾರು ಜನರ ವಿಳಾಸವನ್ನು ಅಧಿಕಾರಿಗಳು ತೆಗೆದುಹಾಕಿದರು. ಮೂವತ್ತು ದಿನಗಳೊಳಗೆ ಹೊಸ ವಿಳಾಸ ಕೊಡದಿದ್ದರೆ 100 ದಿನಾರ್‌ವರೆಗೆ ದಂಡ.

ನಮ್ಮವರಲ್ಲಿ ಹಲವರು ಪರಿಚಯದ ಕುಟುಂಬದ ಜೊತೆ ಒಂದು ಕೋಣೆ ಹಿಡಿದು ಇರುತ್ತಾರೆ. ಹಣ ಉಳಿಯುತ್ತದೆ, ಊಟದ ಜೊತೆಯೂ ಸಿಗುತ್ತದೆ. ಆದರೆ ಮಾಲೀಕರ ಒಪ್ಪಿಗೆ ಇಲ್ಲದ ಒಳಬಾಡಿಗೆಯಲ್ಲಿ ನಮ್ಮ ಹೆಸರಿಗೆ ಒಪ್ಪಂದವೂ ಇರದು, ವಿಳಾಸವೂ ಸಿಗದು. ಕೋಣೆ ಹಿಡಿಯುವ ಮೊದಲೇ ಇದನ್ನು ಕೇಳಿ. ಕಟ್ಟಡದ ಕಾವಲುಗಾರ, ಅಲ್ಲಿನವರು ಹಾರಿಸ್ ಎನ್ನುತ್ತಾರೆ, ಬಾಯಲ್ಲಿ ಹೇಳಿದ್ದನ್ನು ನಂಬಿ ಮುಂಗಡ ಕೊಡಬೇಡಿ. ಕೊಟ್ಟ ಪ್ರತಿ ದಿನಾರ್‌ಗೂ ರಸೀದಿ ಕೇಳಿ. ಅಲ್ಲಿನ 1978ರ ಬಾಡಿಗೆ ಕಾನೂನು ಐದು ವರ್ಷದೊಳಗೆ ಬಾಡಿಗೆ ಏರಿಸದಂತೆ ರಕ್ಷಣೆ ಕೊಡುತ್ತದೆ. ಒಪ್ಪಂದವೇ ಇಲ್ಲದವರಿಗೆ ಈ ರಕ್ಷಣೆ ಕೇಳುವುದು ಕಷ್ಟ.

ಸೆಕೆ, ಉಪ್ಪು, ನೀರು

2016ರ ಜುಲೈನಲ್ಲಿ ಕುವೈತ್‌ನ ಮರುಭೂಮಿಯ ಮಿತ್ರಿಬಾದಲ್ಲಿ 54 ಡಿಗ್ರಿಯ ಹತ್ತಿರ ಬಿಸಿಲು ದಾಖಲಾಯಿತು. ಕಡಲ ಬದಿಯಲ್ಲಿ ಅಷ್ಟು ಏರದಿದ್ದರೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಾಳಿಯಲ್ಲಿ ತೇವ ತುಂಬುತ್ತದೆ. ನಮ್ಮ ಮೇ ತಿಂಗಳ ಸೆಕೆಯಂತೆ, ಆದರೆ ಮುಂದೆ ಮಳೆ ಬರುವ ಆಸೆ ಇಲ್ಲ. ಆದ್ದರಿಂದ ಏಸಿ ಮುಖ್ಯ. ಉಪ್ಪುಗಾಳಿ ಏಸಿಯ ಹೊರಗಿನ ಭಾಗವನ್ನೂ ಕಿಟಕಿಯ ಕಬ್ಬಿಣವನ್ನೂ ಬೇಗ ತಿನ್ನುತ್ತದೆ, ಉಳ್ಳಾಲ ಮಲ್ಪೆಯವರಿಗೆ ಇದು ಹೊಸ ಸಂಗತಿ ಅಲ್ಲ. ದುರಸ್ತಿ ಯಾರ ಖರ್ಚು ಎಂದು ಒಪ್ಪಂದದಲ್ಲಿ ಬರೆಸಿ. ಅಲ್ಲಿನ ನೀರು ಕಡಲಿನ ನೀರಿನಿಂದ ಉಪ್ಪು ತೆಗೆದು ಮಾಡಿದ್ದು. ಅದು ಮಾಳಿಗೆಯ ಟ್ಯಾಂಕಿನಿಂದ ಮನೆಗೆ ಬರುತ್ತದೆ. ಟ್ಯಾಂಕನ್ನು ಎಷ್ಟು ತಿಂಗಳಿಗೊಮ್ಮೆ ತೊಳೆಯುತ್ತಾರೆ ಎಂದು ನೆರೆಯವರನ್ನು ಕೇಳಿ.

ಚರ್ಚ್ ಮತ್ತು ನೆರೆಹೊರೆ

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ನಮ್ಮವರು ಹೆಚ್ಚಾಗಿ ಬಲಿಪೂಜೆಗೆ ಸೇರುವುದು ಶುಕ್ರವಾರ. ಕುವೈತ್ ನಗರದಲ್ಲಿ ಪವಿತ್ರ ಕುಟುಂಬದ ಸಹ ಪ್ರಧಾನಾಲಯ ಇದೆ, ಅಹ್ಮದಿಯಲ್ಲಿ ಅವರ್ ಲೇಡಿ ಆಫ್ ಅರೇಬಿಯಾ ಚರ್ಚ್ ಇದೆ. ಸಾಲ್ಮಿಯಾದವರಿಗೆ ನಗರ, ಮಂಗಾಫ್ ಫಹಾಹೀಲ್‌ನವರಿಗೆ ಅಹ್ಮದಿ ಹತ್ತಿರ. ಹೊಸದಾಗಿ ಬಂದವರಿಗೆ ಚರ್ಚಿನ ಪರಿಚಯ ಪ್ರಾರ್ಥನೆಗೆ ಮಾತ್ರವಲ್ಲ, ಒಳ್ಳೆಯ ಮನೆ ಯಾವುದು, ಮುಂಗಡ ತಿಂದು ಹಾಕುವವರು ಯಾರು ಎಂದು ತಿಳಿಯಲೂ ಬೇಕಾಗುತ್ತದೆ.

ಕೊನೆಯ ಮಾತು

ಹೋದ ಕೂಡಲೇ ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ. ಸಾಧ್ಯವಾದರೆ ಒಂದೆರಡು ತಿಂಗಳು ಪರಿಚಯದವರ ಬಳಿ ಇದ್ದು, ಕೆಲಸಕ್ಕೆ ಹೋಗಿ ಬರುವ ದಾರಿ ನೋಡಿ, ಹಗಲೂ ರಾತ್ರಿಯೂ ಆ ರಸ್ತೆಯಲ್ಲಿ ನಡೆದು ನೋಡಿ ನಿರ್ಧರಿಸಿ. ಹೊರಡುವ ಮೊದಲು ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ಓದಿ.

ಊರಿನಲ್ಲಿರುವ ಹೆತ್ತವರಿಗೂ ನಮ್ಮದೊಂದು ವಿನಂತಿ. ಮಕ್ಕಳು ಫೋನು ಮಾಡಿದಾಗ ಎಷ್ಟು ಹಣ ಉಳಿಯಿತು ಎಂದು ಕೇಳುವುದರ ಜೊತೆಗೆ, ನೀನು ಮಲಗುವ ಕೋಣೆಯಲ್ಲಿ ಎಷ್ಟು ಜನ, ಹೊರಗೆ ಬರಲು ಎಷ್ಟು ಬಾಗಿಲು ಎಂದೂ ಕೇಳಿ. ಸಂಬಳದಲ್ಲಿ ಸ್ವಲ್ಪ ಹೆಚ್ಚು ಬಾಡಿಗೆಗೆ ಹೋದರೂ ಚಿಂತೆಯಿಲ್ಲ, ಸುರಕ್ಷಿತ ಮನೆಯಲ್ಲಿರು ಎಂಬ ಮಾತು ಮನೆಯಿಂದ ಹೋದರೆ ಅವರಿಗೆ ದೊಡ್ಡ ಧೈರ್ಯ. ಕಡಲಿನ ಬದಿಗೆ ಸಂಜೆ ಯಾವಾಗ ಬೇಕಾದರೂ ನಡೆದು ಹೋಗಬಹುದು.