ಓಡುತ್ತಿರುವ ವಾಹನಕ್ಕೆ ದೂರವಾಣಿ ಕರೆ: ಸಂಶೋಧನೆಗಳು ಹೇಳುವುದೇನು?

ಸರಕು ಎಲ್ಲಿಯವರೆಗೆ ತಲುಪಿದೆ, ಗಿರಾಕಿಯ ಗೋದಾಮು ಸಿಕ್ಕಿತೇ, ಹಿಂತಿರುಗುವಾಗ ಮತ್ತೊಂದು ಕಡೆಯಿಂದ ಮಾಲು ತರಲು ಸಾಧ್ಯವೇ ಎಂಬ ವಿಚಾರಣೆಗಳು ವ್ಯಾಪಾರಸ್ಥರ ಹಾಗೂ ಸಣ್ಣ ಉದ್ಯಮಿಗಳ ದಿನಚರಿಯ ಭಾಗವೇ ಆಗಿವೆ. ಮೊಬೈಲ್ ದೂರವಾಣಿಯಿಂದ ಸರಕು ಸಾಗಣೆಯ ಮೇಲ್ವಿಚಾರಣೆ ಸುಲಭವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕರೆಯನ್ನು ಸ್ವೀಕರಿಸುವ ಚಾಲಕನು ಅದೇ ಕ್ಷಣದಲ್ಲಿ ಹೆದ್ದಾರಿಯಲ್ಲಿ ಟೆಂಪೊ ಅಥವಾ ಲಾರಿಯನ್ನು ಓಡಿಸುತ್ತಿರಬಹುದೆಂಬ ಅಂಶವನ್ನು ಕರೆ ಮಾಡುವವರು ಅಷ್ಟಾಗಿ ಗಮನಿಸುವುದಿಲ್ಲ.

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ, 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವುಗಳಿಗೆ ಕಾರಣಗಳು ಹಲವು. ಅತಿವೇಗ, ರಸ್ತೆಯ ಸ್ಥಿತಿ, ಎದುರಿನ ವಾಹನದ ತಪ್ಪು ಮುಂತಾದವುಗಳ ಮೇಲೆ ಕಚೇರಿಯಲ್ಲಿ ಕುಳಿತ ಮಾಲೀಕನಿಗೆ ಹಿಡಿತ ಕಡಿಮೆ. ಆದರೆ ತಾನು ಮಾಡುವ ಕರೆಯ ಮೇಲೆ ಪೂರ್ಣ ಹಿಡಿತವಿದೆ. ಈ ಹಿನ್ನೆಲೆಯಲ್ಲಿ, ಚಾಲಕನ ದೃಷ್ಟಿ ಮತ್ತು ಗಮನದ ಕುರಿತು ನಡೆದಿರುವ ಕೆಲವು ಮುಖ್ಯ ಸಂಶೋಧನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ನೋಡುವುದು ಬೇರೆ, ಕಾಣುವುದು ಬೇರೆ

ಕಣ್ಣು ತೆರೆದಿದ್ದರೆ ಎದುರಿನದೆಲ್ಲವೂ ಕಾಣುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಕಣ್ಣಿನ ಸ್ಪಷ್ಟ ದೃಷ್ಟಿಯ ವಲಯ ಬಹಳ ಕಿರಿದು. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳನ್ನು ಹಿಡಿದರೆ ಅದರ ಅಗಲದಷ್ಟು ಭಾಗ ಮಾತ್ರ ನಿಚ್ಚಳವಾಗಿ ಕಾಣುತ್ತದೆ, ಉಳಿದದ್ದು ಮಸುಕು. ಆದುದರಿಂದ ಕಣ್ಣು ಒಂದು ಸೆಕೆಂಡಿನಲ್ಲಿ ಹಲವು ಬಾರಿ ಅತ್ತಿತ್ತ ಹಾಯ್ದು ದೃಶ್ಯವನ್ನು ತುಣುಕು ತುಣುಕಾಗಿ ಸಂಗ್ರಹಿಸುತ್ತದೆ. ಎತ್ತ ಹಾಯಬೇಕು, ಸಂಗ್ರಹಿಸಿದ್ದರಲ್ಲಿ ಯಾವುದನ್ನು ಮನಸ್ಸಿಗೆ ತಂದುಕೊಳ್ಳಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಗಮನ.

1999ರಲ್ಲಿ ಪ್ರಕಟವಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಬ್ರಿ ಅವರ ಪ್ರಯೋಗವು ಇದನ್ನು ಚೆನ್ನಾಗಿ ತೋರಿಸುತ್ತದೆ. ಆಟಗಾರರು ಚೆಂಡನ್ನು ಎಷ್ಟು ಬಾರಿ ಒಬ್ಬರಿಂದೊಬ್ಬರಿಗೆ ದಾಟಿಸಿದರೆಂದು ಎಣಿಸುವಂತೆ ಪ್ರೇಕ್ಷಕರಿಗೆ ಸೂಚಿಸಲಾಗಿತ್ತು. ಚಿತ್ರದ ನಡುವೆ ಗೊರಿಲ್ಲಾ ವೇಷ ಧರಿಸಿದ ವ್ಯಕ್ತಿಯೊಬ್ಬರು ಆಟಗಾರರ ಮಧ್ಯೆ ಹಾದುಹೋದರು. ಸುಮಾರು ಅರ್ಧದಷ್ಟು ಪ್ರೇಕ್ಷಕರು ಅದನ್ನು ಗಮನಿಸಲೇ ಇಲ್ಲ. ಅವರ ಕಣ್ಣಿನಲ್ಲಿ ದೋಷವಿರಲಿಲ್ಲ. ಗಮನವೆಲ್ಲವೂ ಎಣಿಕೆಯಲ್ಲಿ ತೊಡಗಿತ್ತು. ಮನಶ್ಶಾಸ್ತ್ರಜ್ಞರು ವಿವರಿಸುವ ಈ ಸ್ಥಿತಿಯನ್ನು 'ಅನವಧಾನದ ಕುರುಡು' ಎನ್ನಬಹುದು.

ಹ್ಯಾಂಡ್ಸ್‌ಫ್ರೀ ಸಾಧನ ಪರಿಹಾರವೇ?

'ನಮ್ಮ ಚಾಲಕನಿಗೆ ಇಯರ್‌ಫೋನ್ ಕೊಡಿಸಿದ್ದೇವೆ, ಆದ್ದರಿಂದ ತೊಂದರೆಯಿಲ್ಲ' ಎಂಬ ಸಮಾಧಾನ ಅನೇಕರಲ್ಲಿದೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ.

ಕೆನಡಾದ ಟೊರೊಂಟೊ ನಗರದಲ್ಲಿ ಅಪಘಾತಕ್ಕೀಡಾದ 699 ಚಾಲಕರ ದೂರವಾಣಿ ದಾಖಲೆಗಳನ್ನು ರೆಡೆಲ್‌ಮಾಯರ್ ಮತ್ತು ಟಿಬ್‌ಶಿರಾನಿ ಎಂಬ ಸಂಶೋಧಕರು ಪರಿಶೀಲಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ದೂರವಾಣಿ ಬಳಸುವಾಗ ಡಿಕ್ಕಿಯ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆಂದೂ, ಹ್ಯಾಂಡ್ಸ್‌ಫ್ರೀ ಸಾಧನದಿಂದ ಹೆಚ್ಚಿನ ಸುರಕ್ಷತೆಯೇನೂ ಕಂಡುಬರಲಿಲ್ಲವೆಂದೂ ಅವರು ತಿಳಿಸಿದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಅಪಘಾತದ ನಂತರ ಆಸ್ಪತ್ರೆಗೆ ಬಂದ 456 ಚಾಲಕರ ಅಧ್ಯಯನವೂ 2005ರಲ್ಲಿ ಇದೇ ನಿರ್ಣಯಕ್ಕೆ ಬಂದಿತು.

ಇದಕ್ಕೆ ಕಾರಣವನ್ನು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಹೋದ್ಯೋಗಿಗಳು ಪ್ರಯೋಗಾಲಯದಲ್ಲಿ ಶೋಧಿಸಿದರು. 2001ರ ಪ್ರಯೋಗದಲ್ಲಿ, ದೂರವಾಣಿಯಲ್ಲಿ ಮಾತನಾಡುತ್ತಿದ್ದವರು ಕೃತಕ ಸಿಗ್ನಲ್‌ಗಳನ್ನು ಸುಮಾರು ಎರಡು ಪಟ್ಟು ಹೆಚ್ಚು ಬಾರಿ ಗಮನಿಸದೆ ಬಿಟ್ಟರು. ದೂರವಾಣಿಯನ್ನು ಕೈಯಲ್ಲಿ ಹಿಡಿದರೂ ಹಿಡಿಯದಿದ್ದರೂ ಫಲಿತಾಂಶ ಒಂದೇ ಆಗಿತ್ತು. ರೇಡಿಯೊ ಕೇಳುತ್ತಿದ್ದವರಲ್ಲಿ ಈ ಕೊರತೆ ಕಾಣಲಿಲ್ಲ. 2003ರಲ್ಲಿ ಕಣ್ಣಿನ ಚಲನೆಯನ್ನು ದಾಖಲಿಸುವ ಉಪಕರಣ ಬಳಸಿದಾಗ, ರಸ್ತೆಬದಿಯ ಫಲಕಗಳ ಮೇಲೆ ದೃಷ್ಟಿ ನೇರವಾಗಿ ನೆಟ್ಟಿದ್ದರೂ, ಮಾತಿನಲ್ಲಿ ತೊಡಗಿದ್ದ ಚಾಲಕರು ಅವುಗಳನ್ನು ನಂತರ ಗುರುತಿಸಲು ವಿಫಲರಾದುದು ಹೆಚ್ಚು. ಅಂದರೆ, ಸಂಭಾಷಣೆಯಿಂದ ಕೈಗಿಂತ ಮನಸ್ಸಿಗೆ ಆಗುವ ಅಡಚಣೆ ಮುಖ್ಯವಾದುದು.

ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಯೂಟಾದ ತಂಡವು 2008ರಲ್ಲಿ ಇದಕ್ಕೂ ಉತ್ತರ ನೀಡಿದೆ. ಹೆದ್ದಾರಿಯಿಂದ ನಿಗದಿತ ವಿಶ್ರಾಂತಿ ಸ್ಥಳಕ್ಕೆ ತಿರುಗಬೇಕೆಂದು ಸೂಚಿಸಿದಾಗ, ದೂರವಾಣಿಯಲ್ಲಿದ್ದ ಚಾಲಕರ ಪೈಕಿ ಅರ್ಧದಷ್ಟು ಮಂದಿ ಆ ತಿರುವನ್ನು ದಾಟಿ ಮುಂದೆ ಹೋದರು. ಸಹಪ್ರಯಾಣಿಕರೊಡನೆ ಮಾತನಾಡುತ್ತಿದ್ದವರಲ್ಲಿ ಈ ಪ್ರಮಾಣ ಶೇ. 12 ಮಾತ್ರ. ಪಕ್ಕದಲ್ಲಿರುವವರಿಗೂ ರಸ್ತೆ ಕಾಣುತ್ತದೆ. ಸಂಚಾರ ದಟ್ಟವಾದಾಗ ಅವರ ಮಾತಿನ ಧಾಟಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಕಚೇರಿಯಿಂದ ಕರೆ ಮಾಡಿದವರಿಗೆ ಎದುರಿಗೆ ಬಂದ ಬಸ್ಸಾಗಲಿ, ರಸ್ತೆ ದಾಟುತ್ತಿರುವ ಮಗುವಾಗಲಿ ಕಾಣುವುದಿಲ್ಲ.

ಸಂದೇಶ ಓದುವ ಅಪಾಯ

ಸಂದೇಶ ಬರೆಯುವಾಗ ಮನಸ್ಸಿನೊಂದಿಗೆ ಕಣ್ಣೂ ರಸ್ತೆಯಿಂದ ಸರಿಯುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯು ಲಾರಿಗಳಲ್ಲಿ ಕ್ಯಾಮೆರಾ ಅಳವಡಿಸಿ ನಡೆಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಹೊರಬಂದಿತು. ಅದರಂತೆ ಸಂದೇಶ ಕಳುಹಿಸುತ್ತಿದ್ದ ಚಾಲಕರಿಗೆ ಅಪಘಾತ ಅಥವಾ ಅದರ ಸಮೀಪದ ಘಟನೆಯ ಸಂಭವ 23 ಪಟ್ಟು ಹೆಚ್ಚಿತ್ತು. ಆರು ಸೆಕೆಂಡುಗಳ ಅವಧಿಯಲ್ಲಿ ಸರಾಸರಿ 4.6 ಸೆಕೆಂಡು ಅವರ ದೃಷ್ಟಿ ರಸ್ತೆಯ ಮೇಲಿರಲಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ವಾಹನವು ಇಷ್ಟು ಸಮಯದಲ್ಲಿ ಸುಮಾರು 77 ಮೀಟರ್ ಕ್ರಮಿಸುತ್ತದೆ. ಹೊಸ ವಿಳಾಸವನ್ನೋ, ಬಿಲ್ಲಿನ ಚಿತ್ರವನ್ನೋ ಓಡುತ್ತಿರುವ ವಾಹನಕ್ಕೆ ಕಳುಹಿಸುವವರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು.

ಕಾನೂನು ಮತ್ತು ಹೊಣೆಗಾರಿಕೆ

ಮೋಟಾರು ವಾಹನ ಕಾಯಿದೆಯ 184ನೇ ಕಲಮಿಗೆ 2019ರಲ್ಲಿ ಮಾಡಿದ ತಿದ್ದುಪಡಿಯಂತೆ, ಚಾಲನೆಯ ವೇಳೆ ಕೈಯಲ್ಲಿ ಹಿಡಿದ ಸಂಪರ್ಕ ಸಾಧನವನ್ನು ಬಳಸುವುದು ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಬರುತ್ತದೆ. ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂ.ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಇದಲ್ಲದೆ, ಕೆಲಸದ ವೇಳೆ ಚಾಲಕನ ನಿರ್ಲಕ್ಷ್ಯದಿಂದ ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕನ ಮೇಲೂ ಬೀಳುತ್ತದೆ. ವಿಮೆ ಇದ್ದರೂ ವಾಹನ ನಿಂತುಹೋಗುವುದು, ಸರಕು ವಿಳಂಬವಾಗುವುದು, ನ್ಯಾಯಾಲಯದ ಅಲೆದಾಟ ಇವು ತಪ್ಪುವುದಿಲ್ಲ. ಹೋದ ಜೀವಕ್ಕಂತೂ ಯಾವ ವಿಮೆಯೂ ಪರಿಹಾರವಲ್ಲ.

ಅನುಸರಿಸಬಹುದಾದ ಕ್ರಮಗಳು

1. ವಾಹನ ಹೊರಡುವ ಮೊದಲೇ ವಿಳಾಸ, ಸರಕು ಇಳಿಸುವ ಸ್ಥಳ, ಸಂಪರ್ಕಿಸಬೇಕಾದವರ ಹೆಸರು, ವಸೂಲಿಯ ಮೊತ್ತ ಇವುಗಳನ್ನು ಬರೆದು ಕೊಡಬೇಕು. ನಕ್ಷೆಯಲ್ಲಿ ಮಾರ್ಗವನ್ನೂ ಆಗಲೇ ಗುರುತಿಸಿರಬೇಕು.

2. ಚಾಲಕನೇ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಕಚೇರಿಗೆ ಕರೆ ಮಾಡುವಂತೆ ಸಮಯ ನಿಗದಿಪಡಿಸಬೇಕು.

3. ತುರ್ತಾಗಿ ಕರೆ ಮಾಡಲೇಬೇಕಾದರೆ ಮೊದಲ ಪ್ರಶ್ನೆ 'ಗಾಡಿ ನಿಂತಿದೆಯೇ?' ಎಂಬುದಾಗಿರಲಿ. ಇಲ್ಲವೆಂದರೆ ಕೂಡಲೇ ಕರೆ ಮುಗಿಸಬೇಕು.

4. ಗಿರಾಕಿಗಳಿಗೆ ಚಾಲಕನ ಸಂಖ್ಯೆಯ ಬದಲು ಕಚೇರಿಯ ಸಂಖ್ಯೆಯನ್ನು ನೀಡಬೇಕು.

5. ಹೆಚ್ಚು ವಾಹನಗಳಿರುವವರು ಜಿ.ಪಿ.ಎಸ್. ಸಾಧನ ಅಳವಡಿಸಿದರೆ, ವಾಹನ ಎಲ್ಲಿದೆ ಎಂದು ತಿಳಿಯಲು ಕರೆ ಮಾಡುವ ಅಗತ್ಯವೇ ಇರದು.

6. ಓಡಿಸುವಾಗ ಕರೆ ಸ್ವೀಕರಿಸಲಿಲ್ಲವೆಂದು ಚಾಲಕನನ್ನು ಗದರಿಸಬಾರದು.

ಕೊನೆಯ ಅಂಶ ಎಲ್ಲಕ್ಕಿಂತ ಮುಖ್ಯ. ಮಾಲೀಕನ ಕರೆಯನ್ನು ಕಡೆಗಣಿಸುವ ಧೈರ್ಯ ಸಾಮಾನ್ಯವಾಗಿ ಯಾವ ಚಾಲಕನಿಗೂ ಇರುವುದಿಲ್ಲ. ಆದ್ದರಿಂದ ಈ ನಿಯಮ ಮಾಲೀಕನಿಂದಲೇ ಆರಂಭವಾಗಬೇಕು. ಹತ್ತು ನಿಮಿಷ ತಡವಾಗಿ ದೊರೆಯುವ ಉತ್ತರದಿಂದ ವ್ಯಾಪಾರಕ್ಕೆ ಆಗುವ ನಷ್ಟ ಅತ್ಯಲ್ಪ. ಚಾಲಕನೂ ರಸ್ತೆಯಲ್ಲಿರುವ ಇತರರೂ ಸುರಕ್ಷಿತವಾಗಿ ಮನೆ ಸೇರುವುದಕ್ಕಾಗಿ ಇಷ್ಟು ತಾಳ್ಮೆ ವಹಿಸುವುದು ಪ್ರತಿಯೊಬ್ಬ ಉದ್ಯಮಿಯ ಕರ್ತವ್ಯ.