ಪರಸ್ಥಳದಲ್ಲಿ ಫಲಿಸಿದ ಬಾಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ನಮ್ಮ ಸೀಮೆಯಲ್ಲಿ ಊರು ಬಿಡುವುದಕ್ಕೆ ಗುಳೆ ಎನ್ನುವರು. ಅದು ಹೊಟ್ಟೆಯ ಮಾತು. ಪರಸ್ಥಳಕ್ಕೆ ಬಂದು ವಿದ್ಯೆಯ ಹಂಬಲವನ್ನು ಫಲಿಸಿಕೊಂಡ ಸ್ತ್ರೀಯರೂ ಉಂಟು. ಅವರಲ್ಲಿ ಉಮಾಬಾಯಿ ಕುಂದಾಪುರ ಅವರು ಅಗ್ರಗಣ್ಯರು.

೧೮೯೨ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು, ಬಾಲ್ಯದಲ್ಲಿಯೇ ವಿವಾಹವಾದರೂ, ಮಾವ ಆನಂದರಾಯರ ಪ್ರೋತ್ಸಾಹದಿಂದ ಓದನ್ನು ಮುಂದುವರಿಸಿದರು. ೧೯೨೩ರಲ್ಲಿ ಪತಿವಿಯೋಗವು ಪ್ರಾಪ್ತವಾಗಲು, ಮುಂಬಯಿಯನ್ನು ಬಿಟ್ಟು ಮಾವನೊಡನೆ ಹುಬ್ಬಳ್ಳಿಗೆ ಬಂದು ತಿಲಕ ಕನ್ಯಾಶಾಲೆಯ ಭಾರವನ್ನು ವಹಿಸಿದರು. ೧೯೩೨ರಲ್ಲಿ ಯರವಡಾ ಸೆರೆಯಿಂದ ಮರಳುವಷ್ಟರಲ್ಲಿ ಮಾವನವರಿಲ್ಲ. ಶಾಲೆಗೆ ಸರಕಾರದ ಬೀಗ. ಆದರೂ ಧೃತಿಗೆಡದೆ ಹುಬ್ಬಳ್ಳಿಯಲ್ಲಿಯೇ ನಿಂತರು. ೧೯೪೬ರಲ್ಲಿ ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆ ಹೊತ್ತು ಗ್ರಾಮಸೇವಿಕೆಯರನ್ನು ಸಿದ್ಧಗೊಳಿಸಿದರು. ಪದವಿ, ಮನ್ನಣೆಗಳನ್ನು ಬಯಸದೆ ೧೯೯೨ರವರೆಗೆ ಬಾಳಿದರು.

ಗುಳೆಯ ಗಂಟು ಕಟ್ಟುವ ಮನೆಯವರು, ಮಗಳ ಶಾಲೆಯನ್ನು ಬಿಡಿಸುವ ಮುನ್ನ, ಈ ಬಾಳನ್ನೊಮ್ಮೆ ನೆನೆಯಲಿ. ಊರು ಬದಲಾದರೂ ಜೊತೆಗೆ ಬರುವ ಸ್ತ್ರೀಧನವು ಅಕ್ಷರವೊಂದೇ.